ಪದ್ಯಪಾಠಕ್ಕೆ ಕೃತಿ ಸಂಪುಟವೋ, ಪರೀಕ್ಷೆಯೋ? ಹತ್ತನೆಯ ತರಗತಿಯ ಒಂದು ಅನುಭವ

ಬಿ.ಎಡ್. ಎರಡನೆಯ ವರ್ಷದ ಇಂಟರ್ನ್‌ಶಿಪ್‌ಗೆ ಹೋದಾಗ ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ಆದರೂ ಈ ಲೇಖನ ಒಂದು ಕನ್ನಡ ಪದ್ಯಪಾಠದ ಮೌಲ್ಯಮಾಪನವನ್ನು ಕುರಿತದ್ದು. ನಾನಿದ್ದ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡದ ಒಂದು ಹುದ್ದೆ ಖಾಲಿ ಇತ್ತು. ಇದ್ದ ಒಬ್ಬರೇ ಕನ್ನಡ ಗುರುಗಳು ಎಂಟರಿಂದ ಹತ್ತರವರೆಗಿನ ಎಲ್ಲ ವಿಭಾಗಗಳನ್ನೂ ನೋಡಿಕೊಳ್ಳುತ್ತಿದ್ದರು. ಸಾಮಾನ್ಯವಾಗಿ ಹತ್ತನೆಯ ತರಗತಿಯನ್ನು ಪ್ರಶಿಕ್ಷಣಾರ್ಥಿಗಳ ಕೈಗೆ ಕೊಡುವುದಿಲ್ಲ. ಆದರೆ ಗುರುಗಳ ಮೇಲಿನ ಹೊರೆ ನೋಡಿ ಮುಖ್ಯೋಪಾಧ್ಯಾಯರು ನನ್ನನ್ನು ಕರೆದರು. ‘ಬಿ’ ವಿಭಾಗಕ್ಕೆ ಒಂದು ಪದ್ಯಪಾಠವನ್ನೂ ಅದಕ್ಕೆ ಸೇರಿದ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯನ್ನೂ ಗುರುಗಳ ಮಾರ್ಗದರ್ಶನದಲ್ಲಿ ಮಾಡಿಸಬೇಕೆಂದು ಹೇಳಿದರು. ಪದವಿಯಲ್ಲಿ ಭಾಷಾ ವಿಷಯವಾಗಿ ಕನ್ನಡ ಓದಿದ್ದೆ ಎಂಬ ಧೈರ್ಯದಿಂದ ಒಪ್ಪಿಕೊಂಡೆ.

ಆ ನಾಲ್ಕು ವಾರಗಳಲ್ಲಿ ನಾನೊಂದು ತಪ್ಪು ಮಾಡಿದೆ. ಅಂಕಪಟ್ಟಿಗೆ ಹೋಗುವ ಮೊದಲು ಅದು ಕಣ್ಣಿಗೆ ಬಿತ್ತು ಎಂಬುದೊಂದೇ ಸಮಾಧಾನ. ಸಾಹಿತ್ಯ ಪಾಠಕ್ಕೆ ಪರೀಕ್ಷೆಗಿಂತ ಕೃತಿ ಸಂಪುಟವೇ ಮೇಲು ಎಂದು ನಾವು ಮೌಲ್ಯಮಾಪನ ಪತ್ರಿಕೆಯಲ್ಲಿ ಪುಟಗಟ್ಟಲೆ ಬರೆಯುತ್ತೇವೆ. ನಾನೂ ಬರೆದಿದ್ದೆ. ತರಗತಿಯಲ್ಲಿ ಅದು ಹೇಗೆ ನಡೆಯಿತು, ಎಲ್ಲಿ ಎಡವಿತು, ಏನು ಸರಿಪಡಿಸಿದೆ ಎಂಬುದನ್ನು ಇಲ್ಲಿ ಹೇಳುತ್ತೇನೆ.

ಪ್ರಶ್ನೆ ಹುಟ್ಟಿದ ಬಗೆ

ನನಗೆ ಬಂದ ಪಾಠ ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ಯ ಉದ್ಯೋಗಪರ್ವದ ಭಾಗ. ಸಂಧಿ ಮುರಿದುಬಿದ್ದ ಮೇಲೆ ಕೃಷ್ಣ ಕರ್ಣನನ್ನು ಏಕಾಂತದಲ್ಲಿ ಕೂರಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ರಾಜ್ಯ ನಿನ್ನದು, ಪಾಂಡವರೂ ಕೌರವರೂ ನಿನ್ನ ಕೈಕೆಳಗೆ ಎಂದು ಆಸೆ ತೋರಿಸುತ್ತಾನೆ. ಕರ್ಣನ ಕೊರಳು ಬಿಗಿಯುತ್ತದೆ, ಕಣ್ಣು ತುಂಬುತ್ತದೆ. ಕೊನೆಗೆ ತನ್ನನ್ನು ಸಾಕಿದ ಒಡೆಯನ ಪಕ್ಷವನ್ನು ಬಿಡಲಾರೆ ಎನ್ನುತ್ತಾನೆ.

ಪಾಠಯೋಜನೆ ಬರೆಯುವ ಮುನ್ನ ಹಳೆಯ ಪ್ರಶ್ನೆಪತ್ರಿಕೆಗಳನ್ನು ನೋಡಿದೆ. ಕವಿಯ ಕಾಲ, ಸ್ಥಳ, ಕೃತಿ, ಬಿರುದು ಬರೆಯಬೇಕು. ಸಂದರ್ಭ ಸಹಿತ ವಿವರಣೆಯಲ್ಲಿ ಆಯ್ಕೆ, ಸಂದರ್ಭ, ಸ್ವಾರಸ್ಯ ಎಂಬ ಮೂರು ಮೆಟ್ಟಿಲು. ಪದ್ಯ ಪೂರ್ಣಗೊಳಿಸಬೇಕು. ಪ್ರಸ್ತಾರ ಹಾಕಿ ಛಂದಸ್ಸು ಹೆಸರಿಸಬೇಕು. ಕೃಷ್ಣ ತೋರಿದ ಆಮಿಷಗಳು ಯಾವುವು, ಕರ್ಣನ ಮನಸ್ಸಿನ ತಳಮಳವೇನು ಎಂದು ಬರೆಯಬೇಕು. ಮಕ್ಕಳ ನೋಟ್ಸ್ ತೆರೆದು ನೋಡಿದರೆ ತಳಮಳದ ಉತ್ತರ ಎಲ್ಲರದೂ ಒಂದೇ. ಅದೇ ಎಂಟು ವಾಕ್ಯ, ಅದೇ ಕ್ರಮ. ಗೈಡ್‌ನಲ್ಲಿ ಇದ್ದ ಒಂದು ಅಚ್ಚಿನ ತಪ್ಪು ಕೂಡ ಏಳೆಂಟು ಪುಸ್ತಕಗಳಲ್ಲಿ ಹಾಗೆಯೇ ಇಳಿದಿತ್ತು.

ಕರ್ಣನ ತಳಮಳ ಯಾರಿಗೂ ತಟ್ಟಿರಲಿಲ್ಲ ಎಂದು ನನಗೆ ಅನ್ನಿಸಿತು. ಕೃತಿ ಸಂಪುಟ ಮಾಡಿಸುತ್ತೇನೆ ಎಂದು ಗುರುಗಳಲ್ಲಿ ಕೇಳಿದೆ. ಅವರು ಬೇಡವೆನ್ನಲಿಲ್ಲ. “ಮಾಡಿಸಮ್ಮ, ಒಳ್ಳೇದೇ. ಆದ್ರೆ ಒಂದು ನೆನಪಿಟ್ಕೋ. ಪ್ರಥಮ ಭಾಷೆ 125 ಅಂಕ. 100 ಬರವಣಿಗೆ, 25 ನಮ್ಮ ಕೈಲಿರೋದು. ಆ ನೂರನ್ನ ಬೇರೆ ಊರಿನ ಮೇಷ್ಟ್ರು ಮುಖ ನೋಡದೆ ತಿದ್ತಾರೆ. ಈ ಇಪ್ಪತ್ತೈದನ್ನ ನಾವು ಮುಖ ನೋಡಿಯೇ ಹಾಕ್ತೀವಿ. ಅಲ್ಲೇ ಜಾಗ್ರತೆ ಬೇಕಾಗಿರೋದು” ಎಂದರು. ಆ ಮಾತಿನ ತೂಕ ಆಗ ನನಗೆ ಗೊತ್ತಾಗಲಿಲ್ಲ.

ಮೊದಲು ಮಾಡಿಸಿದ್ದು

ಪ್ರತಿಯೊಬ್ಬರೂ ಒಂದು ರಟ್ಟಿನ ಫೈಲ್‌ನಲ್ಲಿ ಐದು ಹಾಳೆಗಳನ್ನು ಸೇರಿಸಬೇಕಿತ್ತು. ಮೊದಲನೆಯದು, ಪದ್ಯವನ್ನು ಮೊದಲ ಸಲ ಕೇಳಿದಾಗ ಅನ್ನಿಸಿದ್ದು. ಎರಡನೆಯದು, ತಾನೇ ಕೇಳುವ ಒಂದು ಪ್ರಶ್ನೆ. ಮೂರನೆಯದು, ಕರ್ಣನಾಗಿ ಕುಂತಿಗೋ ದುರ್ಯೋಧನನಿಗೋ ಬರೆದ ಒಂದು ಪತ್ರ. ನಾಲ್ಕನೆಯದು, ಆ ಪತ್ರವನ್ನು ತಿದ್ದಿ ಬರೆದ ಪ್ರತಿ. ಐದನೆಯದು, ಏನು ಬದಲಾಯಿತು ಎಂಬ ಸ್ವಮೌಲ್ಯಮಾಪನ. ಮೊದಲ ಎರಡನ್ನು ತರಗತಿಯಲ್ಲಿ ಬರೆಸಿದೆ. ಸಮಯ ಸಾಲದೆ ಉಳಿದ ಮೂರನ್ನು ಮನೆಗೆ ಕೊಟ್ಟೆ. ಒಟ್ಟು 15 ಅಂಕ.

ಕೆಲಸ ಶುರುವಾದ ವಾರದಲ್ಲೇ ಒಂದು ಒಳ್ಳೆಯದು ಕಂಡಿತು. ಬರವಣಿಗೆಯಲ್ಲಿ ತೀರ ಹಿಂದಿದ್ದ ಒಬ್ಬ ಹುಡುಗ ‘ನನ್ನ ಪ್ರಶ್ನೆ’ ಹಾಳೆಯಲ್ಲಿ ಒಂದೂವರೆ ಸಾಲು ಬರೆದಿದ್ದ: ಕೃಷ್ಣ ಹೇಳುವಾಗ ಕರ್ಣ ಯಾಕೆ ಎದ್ದು ಹೋಗಲಿಲ್ಲ? ಕರೆದು ವಿಚಾರಿಸಿದೆ. ಅವರ ಊರಲ್ಲಿ ಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿಸುತ್ತಾರೆ. ಅವನ ಅಪ್ಪನದು ಕರ್ಣನ ಪಾರ್ಟು. “ಅಪ್ಪ ಈ ಸೀನಲ್ಲಿ ಕುರ್ಚಿ ಬಿಟ್ಟು ಏಳ್ತಾರೆ ಮಿಸ್, ಇಲ್ಲಿ ಯಾಕೆ ಕೂತೇ ಇದಾನೆ?” ಎಂದ. ಪದ್ಯದಲ್ಲಿ ಕೃಷ್ಣ ಕರ್ಣನನ್ನು ಸಲಿಗೆಯಿಂದ ಪಕ್ಕದಲ್ಲೇ ಕೂರಿಸಿಕೊಳ್ಳುವುದು, ಕರ್ಣ ಅದಕ್ಕೆ ಹಿಂಜರಿಯುವುದು, ಇವೆಲ್ಲ ಅವನ ಪ್ರಶ್ನೆಯಿಂದ ತರಗತಿಗೆ ಬಂದವು. ಒಡೆಯನ ಕಡೆಯವರು ಹತ್ತಿರ ಕೂರಿಸಿಕೊಂಡರೆ ಮನುಷ್ಯನಿಗೆ ಏನಾಗುತ್ತದೆ ಎಂದು ಅರ್ಧ ಅವಧಿ ಮಾತಾಡಿದೆವು. ಪ್ರಶ್ನೆಪತ್ರಿಕೆಯ ಯಾವ ಕಾಲಮ್ಮಿನಲ್ಲೂ ಈ ಹುಡುಗನ ತಿಳಿವಳಿಕೆಗೆ ಜಾಗ ಇರಲಿಲ್ಲ. ಸಂಪುಟದಲ್ಲಿ ಇತ್ತು. ನನ್ನ ನಂಬಿಕೆ ಗಟ್ಟಿಯಾಯಿತು.

ಎಡವಿದ್ದು ಎಲ್ಲಿ

ಫೈಲುಗಳು ಬಂದವು. ಒಬ್ಬ ಹುಡುಗನ ಸಂಪುಟ ಎಲ್ಲಕ್ಕಿಂತ ಅಂದವಾಗಿತ್ತು. ಬಣ್ಣದ ಅಂಚು, ದುಂಡಗಿನ ಅಕ್ಷರ, ಕರ್ಣ ಕುಂತಿಗೆ ಬರೆದ ಎರಡು ಪುಟದ ಪತ್ರ. ಅದನ್ನು ತರಗತಿಯಲ್ಲಿ ಓದಿ ಹೇಳಿ ಮಾದರಿ ಎಂದು ಹೊಗಳಿದೆ. 15ಕ್ಕೆ 14 ಕೊಟ್ಟೆ.

ಕಿಟಕಿ ಪಕ್ಕದ ಒಬ್ಬ ಹುಡುಗಿಯ ಫೈಲ್‌ನಲ್ಲಿ ತರಗತಿಯಲ್ಲಿ ಬರೆದ ಎರಡು ಹಾಳೆಗಳ ಜೊತೆಗೆ ನಾಲ್ಕು ಸಾಲಿನ ಒಂದು ಪತ್ರ ಇತ್ತು. ತಿದ್ದಿದ ಪ್ರತಿ ಇಲ್ಲ, ಸ್ವಮೌಲ್ಯಮಾಪನ ಇಲ್ಲ. ಹಾಳೆಯ ಮೂಲೆಗೆ ಏನೋ ಚೆಲ್ಲಿದ ಕಲೆ. ಕೆಂಪು ಮಸಿಯಲ್ಲಿ “ಶ್ರದ್ಧೆ ಸಾಲದು” ಎಂದು ಬರೆದು 5 ಅಂಕ ಹಾಕಿದೆ.

ಮರುವಾರ ಅದೇ ಪಾಠಕ್ಕೆ 20 ಅಂಕದ ಕಿರುಪರೀಕ್ಷೆ. ನೀಲನಕ್ಷೆಯಂತೆ ಸ್ಮರಣೆ, ಗ್ರಹಿಕೆಯ ಪ್ರಶ್ನೆಗಳ ಜೊತೆಗೆ 4 ಅಂಕದ ಒಂದು ಪ್ರಶ್ನೆಯನ್ನು ನಾನೇ ಸೇರಿಸಿದ್ದೆ: ಕೃಷ್ಣನ ಮಾತುಗಳಲ್ಲಿ ನಿಮಗೆ ಒಪ್ಪಿಗೆಯಾಗದ ಒಂದನ್ನು ಆರಿಸಿ, ಏಕೆ ಒಪ್ಪಿಗೆಯಿಲ್ಲ ಎಂದು ಪದ್ಯದ ಆಧಾರದಿಂದ ಬರೆಯಿರಿ.

ಮಾದರಿ ಸಂಪುಟದ ಹುಡುಗ ಆ ಪ್ರಶ್ನೆಗೆ ಗೈಡ್‌ನ ಸಾರಾಂಶವನ್ನು ಇಳಿಸಿದ್ದ. ಒಪ್ಪಿಗೆಯಾಗದ ಮಾತು ಯಾವುದೆಂದೇ ಅದರಲ್ಲಿ ಇರಲಿಲ್ಲ. ಕಿಟಕಿ ಪಕ್ಕದ ಹುಡುಗಿ ಬರೆದದ್ದು ಆರು ಸಾಲು. ಹುಟ್ಟಿದಾಗ ಬೇಡವಾಗಿದ್ದ ಮಗ ಯುದ್ಧದ ಹೊತ್ತಿಗೆ ಬೇಕಾದ. ನೀನು ದೊಡ್ಡ ಮನೆಯ ಮಗ ಎಂದು ಹೇಳುವುದಿದ್ದರೆ ಎಲ್ಲರೂ ಸೂತನ ಮಗ ಎಂದು ನಕ್ಕ ದಿನ ಹೇಳಬೇಕಿತ್ತು. ಈಗ ಹೇಳಿದ್ದು ಅವನಿಗಾಗಿ ಹೇಳಿದ್ದಲ್ಲ. ಅದಕ್ಕೇ ಕರ್ಣ ಅತ್ತದ್ದು, ರಾಜ್ಯ ಹೋಯಿತೆಂದು ಅಲ್ಲ. ಕಾಗುಣಿತದ ಎರಡು ತಪ್ಪುಗಳಿದ್ದವು. ಆ ತರಗತಿಯಲ್ಲಿ ನಾನು ಓದಿದ ಅತ್ಯುತ್ತಮ ಉತ್ತರ ಅದು.

ಎರಡು ಪಟ್ಟಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ಮೊದಲಿದ್ದವರು ಇನ್ನೊಂದರಲ್ಲಿ ಕೊನೆಗಿದ್ದರು. ಪ್ರಯೋಗಾಲಯದಲ್ಲಿ ಎರಡು ಉಪಕರಣಗಳು ಇಷ್ಟು ಬೇರೆ ಬೇರೆ ಅಳತೆ ತೋರಿಸಿದರೆ ಅಳೆದ ವಸ್ತುವಿನ ಮೇಲೆ ಅನುಮಾನ ಪಡುವುದಿಲ್ಲ, ಉಪಕರಣಗಳನ್ನು ಪರೀಕ್ಷಿಸುತ್ತೇವೆ. ನಾನು ಹುಡುಗಿಯ ಮೇಲೆಯೇ ಅನುಮಾನ ಪಟ್ಟು, ಕೆಂಪು ಮಸಿಯಲ್ಲಿ ಬರೆದೂ ಆಗಿತ್ತು.

ಬಿಡುವಿನಲ್ಲಿ ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಿದೆ. ಹುಡುಗ ಮುಚ್ಚಿಡಲಿಲ್ಲ. ಅವನ ಅಕ್ಕ ಪದವಿ ಓದುತ್ತಾಳೆ, ಪತ್ರ ಹೇಳಿಕೊಟ್ಟವಳು ಅವಳು, ಅಂಚು ಬಿಡಿಸಿದವಳೂ ಅವಳೇ. ನಾನು ತರಗತಿಯಲ್ಲಿ ಹೊಗಳುತ್ತಿದ್ದಾಗ ಅವನಿಗೆ ಹೆದರಿಕೆಯಾಗಿತ್ತಂತೆ. ಹುಡುಗಿ ಬೆಳಗ್ಗೆ ಎದ್ದು ಹಸು ಕರೆದು ಡೈರಿಗೆ ಹಾಲು ಹಾಕಿ ಶಾಲೆಗೆ ಬರುತ್ತಾಳೆ, ಸಂಜೆ ತಮ್ಮನನ್ನು ನೋಡಿಕೊಳ್ಳುತ್ತಾಳೆ. ಹಾಳೆಯ ಮೇಲಿನ ಕಲೆ ಹಾಲಿನದು. “ಪರೀಕ್ಷೇಲಿ ಯಾರೂ ಕರೆಯಲ್ಲ ಮಿಸ್, ಬೆಲ್ ಆಗೋವರೆಗೂ ಬರೀಬೋದು” ಎಂದಳು.

ಪರೀಕ್ಷೆ ಎಂದರೆ ಮಕ್ಕಳ ಮೇಲಿನ ಒತ್ತಡ, ಸಂಪುಟ ಎಂದರೆ ಬಿಡುಗಡೆ ಎಂದು ತಿಳಿದು ಬಂದಿದ್ದೆ. ಈ ಮಗುವಿಗೆ ಪರೀಕ್ಷೆಯ ಒಂದು ಗಂಟೆಯೇ ದಿನದಲ್ಲಿ ಸಿಗುವ ತನ್ನದೇ ಆದ ಹೊತ್ತು. ನಾನು ಮನೆಗೆ ಕೊಟ್ಟ ಮೂರು ಹಾಳೆಗಳು ಅವಳ ಸಾಹಿತ್ಯದ ತಿಳಿವಳಿಕೆಯನ್ನು ಅಳೆಯಲಿಲ್ಲ. ಅವಳ ಮನೆಯಲ್ಲಿ ಮೇಜು ಇದೆಯೇ, ಬಿಡುವಿದೆಯೇ, ಓದಿದ ಅಕ್ಕ ಇದ್ದಾಳೆಯೇ ಎಂಬುದನ್ನು ಅಳೆದವು.

ಹಾಗಾದರೆ ಪರೀಕ್ಷೆಯೇ ಸಾಕೇ?

ಗುರುಗಳಿಗೆ ಎಲ್ಲವನ್ನೂ ಹೇಳಿದೆ. ಅಂಕಗಳನ್ನು ಕಚ್ಚಾ ಪಟ್ಟಿಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದೆ, ಶಾಲೆಯ ದಾಖಲೆಗೆ ಇನ್ನೂ ಏರಿಸಿರಲಿಲ್ಲ. ಸಂಪುಟವನ್ನೇ ಬಿಟ್ಟು ಕಿರುಪರೀಕ್ಷೆಯ ಅಂಕದ ಮೇಲೆ ಹೋಗೋಣವೇ ಎಂದು ಕೇಳಿದೆ. ಅವರು, “ಮೊದಲು ಆ ನಾಲ್ಕು ಅಂಕದ ಪ್ರಶ್ನೇನ ಇನ್ನೊಬ್ಬರ ಕೈಲಿ ತಿದ್ದಿಸು, ಆಮೇಲೆ ಮಾತಾಡೋಣ” ಎಂದರು.

ನನ್ನ ಜೊತೆಗೆ ಬಂದಿದ್ದ ಪ್ರಶಿಕ್ಷಣಾರ್ಥಿ ಗೆಳತಿಗೆ ಹತ್ತು ಉತ್ತರಗಳನ್ನು ಹೆಸರು ಮುಚ್ಚಿ ಕೊಟ್ಟೆ. ಕವಿ ಪರಿಚಯ, ಪ್ರಸ್ತಾರದ ಪ್ರಶ್ನೆಗಳಲ್ಲಿ ಇಬ್ಬರ ಅಂಕವೂ ಒಂದೇ ಬಂತು. ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಿಗೆ 14 ಮಾತ್ರೆ, ಮೂರು ಮತ್ತು ಆರನೆಯ ಸಾಲುಗಳಿಗೆ 23. ಇದರಲ್ಲಿ ವಾದಕ್ಕೆ ಎಡೆಯಿಲ್ಲ. ಆದರೆ ಒಪ್ಪಿಗೆಯಾಗದ ಮಾತಿನ ಪ್ರಶ್ನೆಗೆ ಕಿಟಕಿ ಪಕ್ಕದ ಹುಡುಗಿ ಬರೆದ ಉತ್ತರಕ್ಕೆ ನಾನು 4 ಕೊಟ್ಟಿದ್ದರೆ ಗೆಳತಿ 1 ಕೊಟ್ಟಿದ್ದಳು. “ಆಮಿಷಗಳ ಹೆಸರೇ ಇಲ್ಲ, ಪಾಠದ ಅಂಶಗಳು ಬಂದಿಲ್ಲ” ಎಂಬುದು ಅವಳ ಕಾರಣ. ಗೈಡ್‌ನ ಸಾರಾಂಶ ಬರೆದವನಿಗೆ ಅವಳು 3 ಕೊಟ್ಟಿದ್ದಳು. ಇಬ್ಬರೂ ಒಂದೇ ಕಾಲೇಜಿನಲ್ಲಿ, ಒಂದೇ ಉಪನ್ಯಾಸಕರಲ್ಲಿ ಮೌಲ್ಯಮಾಪನ ಕಲಿತವರು.

ಇದು ಹೊಸ ಸಂಗತಿಯೇನೂ ಅಲ್ಲ. 1912ರಲ್ಲಿಯೇ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು ನೂರಕ್ಕೂ ಹೆಚ್ಚು ಶಿಕ್ಷಕರಿಂದ ತಿದ್ದಿಸಿದ್ದರು. ಶೇಕಡಾ ಲೆಕ್ಕದಲ್ಲಿ ಅಂಕಗಳ ನಡುವೆ 30ಕ್ಕೂ ಹೆಚ್ಚಿನ ಅಂತರ ಬಂದಿತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ಪ್ರಬಂಧ ಮಾದರಿಯ ಪರೀಕ್ಷೆಯ ದೋಷ ಎಂದು ಓದಿ ಮರೆಯುವ ಸಾಲು ಇದೇ. ಹಾಗೆಂದು ಸಂಪುಟ ಈ ದೋಷದಿಂದ ಪಾರಾಗಿದೆ ಎನ್ನುವಂತೆಯೂ ಇಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯ ಬರವಣಿಗೆಗೂ ಗಣಿತಕ್ಕೂ ರಾಜ್ಯಮಟ್ಟದಲ್ಲಿ ಸಂಪುಟ ಮೌಲ್ಯಮಾಪನ ತಂದಾಗ, ಮೊದಲ ವರ್ಷಗಳಲ್ಲಿ ಒಂದೇ ಸಂಪುಟಕ್ಕೆ ಇಬ್ಬರು ಶಿಕ್ಷಕರು ಕೊಟ್ಟ ಅಂಕಗಳಲ್ಲಿ ಹೊಂದಾಣಿಕೆ ತೀರ ಕಡಿಮೆ ಇದ್ದುದನ್ನು ರ್‍ಯಾಂಡ್ ಸಂಸ್ಥೆಯ ಅಧ್ಯಯನ ತೋರಿಸಿತು. ಅದೇ ಹೊತ್ತಿಗೆ, ಸಂಪುಟ ಬಂದ ಮೇಲೆ ತಾವು ಪಾಠ ಮಾಡುವ ರೀತಿಯೇ ಬದಲಾಯಿತು ಎಂದು ಅಲ್ಲಿನ ಅನೇಕ ಶಿಕ್ಷಕರು ಹೇಳಿದ್ದೂ ಆ ಅಧ್ಯಯನದಲ್ಲಿದೆ.

ಆಗ ನನಗೆ ವಿಷಯ ಸ್ವಲ್ಪ ತಿಳಿಯಾಯಿತು. ವಿಶ್ವಾಸಾರ್ಹತೆ ಬೇಕೆಂದು ಪರೀಕ್ಷೆಯನ್ನು ಬಿಗಿ ಮಾಡುತ್ತ ಹೋದರೆ ಪ್ರಸ್ತಾರ ಮತ್ತು ಕವಿ ಪರಿಚಯ ಮಾತ್ರ ಉಳಿಯುತ್ತವೆ, ಕರ್ಣ ಹೊರಗೆ ನಿಲ್ಲುತ್ತಾನೆ. ಸಪ್ರಮಾಣತೆ ಬೇಕೆಂದು ಸಂಪುಟವನ್ನು ಸಡಿಲ ಬಿಟ್ಟರೆ ಮನೆಯ ಅನುಕೂಲವೇ ಅಂಕವಾಗುತ್ತದೆ. ಎರಡನ್ನೂ ಕಾಯುವ ದಾರಿ ಬೇಕಿತ್ತು.

ಅಬ್ಸರ್ವೇಷನ್ ಪುಸ್ತಕದ ಪಾಠ

ದಾರಿ ಸಿಕ್ಕಿದ್ದು ನನ್ನ ಬಿ.ಎಸ್ಸಿ. ದಿನಗಳಿಂದ. ಪ್ರಾಯೋಗಿಕ ತರಗತಿಯಲ್ಲಿ ನಮಗೆ ಎರಡು ಪುಸ್ತಕಗಳಿದ್ದವು. ಒಂದು ರೆಕಾರ್ಡ್: ಮನೆಯಲ್ಲಿ ಕೂತು ಅಂದವಾಗಿ ಬರೆದು ತರುವಂಥದ್ದು. ನಿಜ ಹೇಳಬೇಕೆಂದರೆ ಅದನ್ನು ಬಹಳಷ್ಟು ಜನ ಸೀನಿಯರ್‌ಗಳ ರೆಕಾರ್ಡ್ ನೋಡಿಯೇ ಬರೆಯುತ್ತಿದ್ದೆವು. ಇನ್ನೊಂದು ಅಬ್ಸರ್ವೇಷನ್ ಪುಸ್ತಕ: ಉಪಕರಣದ ಮುಂದೆ ನಿಂತು ಕಂಡ ಅಳತೆಯನ್ನು ಆಗಲೇ ಬರೆಯುವಂಥದ್ದು. ಪ್ರಯೋಗಾಲಯ ಬಿಡುವ ಮುನ್ನ ಉಪನ್ಯಾಸಕರ ಸಹಿ ಮತ್ತು ದಿನಾಂಕ ಬೀಳಬೇಕು. ತಪ್ಪಾದರೆ ಅಳಿಸುವಂತಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಕೊನೆಗೆ ಪರೀಕ್ಷೆಯ ದಿನ ವೈವಾದಲ್ಲಿ “ಈ ರೀಡಿಂಗ್ ಹೇಗೆ ಬಂತು?” ಎಂದು ಕೇಳುತ್ತಾರೆ. ಮಾಡದವರಿಗೆ ಅಲ್ಲಿ ಉತ್ತರ ಇರುವುದಿಲ್ಲ.

ನಾನು ಮಕ್ಕಳಿಗೆ ಕೊಟ್ಟಿದ್ದು ರೆಕಾರ್ಡ್ ಪುಸ್ತಕ. ಕೊಡಬೇಕಾಗಿದ್ದು ಅಬ್ಸರ್ವೇಷನ್ ಪುಸ್ತಕ.

ಮುಖ್ಯೋಪಾಧ್ಯಾಯರಿಂದ ಅಂಕ ಕೊಡಲು ಒಂದು ವಾರ ಹೆಚ್ಚು ಕೇಳಿಕೊಂಡು, ಮೂರು ಅವಧಿಗಳಲ್ಲಿ ಸಂಪುಟವನ್ನು ಮತ್ತೆ ಮಾಡಿಸಿದೆ. ಬದಲಾವಣೆಗಳು ನಾಲ್ಕು.

ಒಂದು: ಸಂಪುಟದ ಎಲ್ಲ ಬರವಣಿಗೆಯೂ ತರಗತಿಯಲ್ಲೇ. ಫೈಲುಗಳು ಸಂಜೆ ಶಾಲೆಯ ಅಲ್ಮೇರಾಕ್ಕೆ. ಮನೆಗೆ ಕಳಿಸಿದ್ದು ಪ್ರಶ್ನೆ ಮಾತ್ರ, ಹಾಳೆ ಕಳಿಸಲಿಲ್ಲ. ಮನೆಯಲ್ಲಿ ಯಾರನ್ನು ಬೇಕಾದರೂ ಕೇಳಿ ಬರಬಹುದು, ನಾಟಕದ ಅಪ್ಪನನ್ನೂ ಓದಿದ ಅಕ್ಕನನ್ನೂ. ಬರೆಯುವುದು ಮಾತ್ರ ಇಲ್ಲಿ.

ಎರಡು: ಐದು ಹಾಳೆಗಳ ಬದಲು ಮೂರು. ಮೊದಲ ಅನಿಸಿಕೆ, ಪತ್ರ, ತಿದ್ದಿದ ಪತ್ರ. ಅವಧಿ ಮುಗಿಯುವಾಗ ಪ್ರತಿ ಹಾಳೆಗೂ ದಿನಾಂಕ ಮತ್ತು ನನ್ನ ಸಹಿ. ಅಳಿಸುವಂತಿಲ್ಲ, ಗೆರೆ ಎಳೆದು ತಿದ್ದಬೇಕು. ಬಣ್ಣ, ಅಂಚು, ಚಿತ್ರಗಳಿಗೆ ಅಂಕವಿಲ್ಲ ಎಂದು ಮೊದಲೇ ಹೇಳಿದೆ.

ಮೂರು: ಪ್ರತಿಯೊಬ್ಬರೊಂದಿಗೆ ಎರಡು ಮೂರು ನಿಮಿಷದ ಮಾತುಕತೆ. ಕೇಳಿದ್ದು ಎರಡೇ ಪ್ರಶ್ನೆ: “ಈ ಸಾಲನ್ನು ಯಾಕೆ ಹೊಡೆದುಹಾಕಿದೆ?”, “ಇದು ಪದ್ಯದಲ್ಲಿ ಎಲ್ಲಿದೆ, ತೋರಿಸು.” ಉಳಿದವರು ಬರೆಯುತ್ತಿರುವಾಗ ಒಬ್ಬೊಬ್ಬರನ್ನೇ ಮೇಜಿನ ಬಳಿ ಕರೆದೆ. ಒಂದು ಅವಧಿಯಲ್ಲಿ ಹದಿನೈದು ಮಂದಿಗಿಂತ ಹೆಚ್ಚು ಆಗುವುದಿಲ್ಲ. ಇದನ್ನು ಪಾಠಯೋಜನೆಯಲ್ಲಿ ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.

ನಾಲ್ಕು: ಅಂಕಸೂಚಿ ಮೊದಲೇ ಗೋಡೆಗೆ. ಅದನ್ನು ಗೆಳತಿಯ ಜೊತೆ ಕೂತು, ನಮ್ಮಿಬ್ಬರಿಗೂ ಭಿನ್ನ ಅಂಕ ಬಂದಿದ್ದ ಉತ್ತರಗಳನ್ನು ಮುಂದಿಟ್ಟುಕೊಂಡೇ ಬರೆದೆವು.

ಅಂಕಸೂಚಿ

ಒಟ್ಟು 15 ಅಂಕ, ಐದು ಮಾನದಂಡ, ತಲಾ 3.

ಪದ್ಯದ ಆಧಾರ: ಹೇಳಿದ ಮಾತಿಗೆ ಪದ್ಯದ ನಿರ್ದಿಷ್ಟ ಜಾಗವನ್ನು ತೋರಿಸಿದರೆ 3, ಕಥೆ ಗೊತ್ತಿದ್ದು ಪದ್ಯದ ಜಾಗ ತೋರಿಸದಿದ್ದರೆ 2, ಪದ್ಯಕ್ಕೆ ಸಂಬಂಧವಿಲ್ಲದ ಸಾಮಾನ್ಯ ಮಾತಾದರೆ 1.

ಸ್ವಂತ ನಿಲುವು: ಒಂದು ನಿಲುವು ಮತ್ತು ಅದಕ್ಕೆ ಕಾರಣ ಇದ್ದರೆ 3; ನಿಲುವಿದ್ದು ಕಾರಣ ಇಲ್ಲದಿದ್ದರೆ 2; ಸಾರಾಂಶ ಮಾತ್ರವಿದ್ದರೆ 1.

ಪಾತ್ರದ ದನಿ: ಪತ್ರ ಕರ್ಣನ ಬಾಯಿಂದ, ಅವನಿಗೆ ಆ ಹೊತ್ತಿನಲ್ಲಿ ಗೊತ್ತಿದ್ದಷ್ಟನ್ನೇ ಆಡುತ್ತದೆಯೇ? ಮುಂದಿನ ಯುದ್ಧದ ಸಂಗತಿಗಳನ್ನು ಈಗಲೇ ಹೇಳಿಬಿಟ್ಟರೆ ಒಂದು ಅಂಕ ಕಡಿಮೆ.

ತಿದ್ದುಪಡಿ: ಎರಡನೆಯ ಪ್ರತಿಯಲ್ಲಿ ವಿಚಾರ ಬದಲಾಗಿದ್ದರೆ ಅಥವಾ ಬೆಳೆದಿದ್ದರೆ 3, ಕಾಗುಣಿತ ಮಾತ್ರ ತಿದ್ದಿದ್ದರೆ 2, ನಕಲು ಮಾಡಿದ್ದರೆ 1.

ಮಾತುಕತೆ: ತನ್ನ ಬರಹದ ಬಗ್ಗೆ ಕೇಳಿದ್ದಕ್ಕೆ ತಾನೇ ವಿವರಿಸಿದರೆ 3. ಬರವಣಿಗೆ ಕಷ್ಟವಾದ ಮಗು ಇಲ್ಲಿ ಬಾಯಿಂದ ಹೇಳಿದ್ದನ್ನು ನಾನು ಹಾಳೆಯಲ್ಲಿ ಗುರುತು ಹಾಕಿಕೊಂಡೆ.

ಕಾಗುಣಿತಕ್ಕೆ ಪ್ರತ್ಯೇಕ ಅಂಕ ಇಡಲಿಲ್ಲ. ಅದನ್ನು ಕಿರುಪರೀಕ್ಷೆ ನೋಡಿಕೊಳ್ಳುತ್ತದೆ ಎಂದು ಗುರುಗಳೇ ಸಲಹೆ ಕೊಟ್ಟರು. ಈ ಸೂಚಿಯನ್ನು ಹಿಡಿದು ನಾನೂ ಗೆಳತಿಯೂ ಮತ್ತೆ ಹತ್ತು ಸಂಪುಟಗಳನ್ನು ಬೇರೆ ಬೇರೆಯಾಗಿ ತಿದ್ದಿದೆವು. ಒಂದು ಸಂಪುಟ ಬಿಟ್ಟರೆ ಎಲ್ಲದರಲ್ಲೂ ನಮ್ಮ ಅಂತರ ಎರಡು ಅಂಕದೊಳಗೆ ಇತ್ತು. ಬಿಟ್ಟ ಒಂದನ್ನು ಗುರುಗಳು ನೋಡಿ ನಿರ್ಣಯಿಸಿದರು. ಹತ್ತು ಸಂಪುಟಗಳಿಂದ ಏನನ್ನೂ ಸಾಧಿಸಿ ತೋರಿಸಲಾಗದು ಎಂಬುದು ಗೊತ್ತಿದೆ. ನಮ್ಮ ತರಗತಿಯ ಮಟ್ಟಿಗೆ ಮಾತ್ರ ಇದನ್ನು ಹೇಳುತ್ತಿದ್ದೇನೆ.

ನಾಟಕದ ಹುಡುಗನ ಪತ್ರ ಏಳು ಸಾಲಿನದು. ಮಾತುಕತೆಯಲ್ಲಿ ಅವನು ಕರ್ಣ ಏಕೆ ಏಳಲಿಲ್ಲ ಎಂಬುದಕ್ಕೆ ತನ್ನದೇ ಉತ್ತರ ಕೊಟ್ಟ: ಎದ್ದರೆ ಕೃಷ್ಣನಿಗೆ ಅವಮಾನ, ಕೂತರೆ ದುರ್ಯೋಧನನಿಗೆ ದ್ರೋಹ, ಅದಕ್ಕೇ ಅವನು ಅಳುತ್ತಾನೆ. ಮಾದರಿ ಸಂಪುಟದ ಹುಡುಗ ಈ ಸಲ ಕಷ್ಟಪಟ್ಟ. ಮೊದಲ ಪತ್ರ ಖಾಲಿಯೆನ್ನುವಷ್ಟು ಚಿಕ್ಕದು. ತಿದ್ದಿದ ಪ್ರತಿಯಲ್ಲಿ ಒಂದು ಒಳ್ಳೆಯ ವಾಕ್ಯ ಬಂತು. ಅದು ಅವನದೇ ಎಂದು ಇಬ್ಬರಿಗೂ ಗೊತ್ತಿತ್ತು. ಹಿಂದಿನ 14ರ ಜಾಗದಲ್ಲಿ 9 ಬಂದರೂ ಅವನು ತಕರಾರು ಮಾಡಲಿಲ್ಲ. ಕಿಟಕಿ ಪಕ್ಕದ ಹುಡುಗಿಗೆ 13 ಬಂತು.

ಅವಳ ಹಳೆಯ ಹಾಳೆಯ ಮೇಲಿನ “ಶ್ರದ್ಧೆ ಸಾಲದು” ಎಂಬುದನ್ನು ನಾನೂ ನಿಯಮದಂತೆ ಅಳಿಸಲಿಲ್ಲ. ಒಂದು ಗೆರೆ ಎಳೆದು, ಪಕ್ಕದಲ್ಲಿ “ನಾನು ಸರಿಯಾಗಿ ವಿಚಾರಿಸಲಿಲ್ಲ” ಎಂದು ಬರೆದು ದಿನಾಂಕ, ಸಹಿ ಹಾಕಿ ಕೊಟ್ಟೆ. ಅವಳು ಓದಿ, ಫೈಲ್ ಮುಚ್ಚಿ, “ಮುಂದಿನ ಪಾಠದ್ದೂ ಇಲ್ಲೇ ಬರೆಯೋದಾ ಮಿಸ್?” ಎಂದು ಕೇಳಿದಳು.

ಯಾವುದಕ್ಕೆ ಯಾವುದು

ಎರಡರಲ್ಲಿ ಒಂದನ್ನು ಆರಿಸು ಎಂದು ಈಗ ನನ್ನನ್ನು ಕೇಳಿದರೆ, ಮೊದಲು ಏನನ್ನು ಅಳೆಯಬೇಕು ಎಂದು ಕೇಳುತ್ತೇನೆ. ಥರ್ಮಾಮೀಟರ್‌ನಲ್ಲಿ ತೂಕ ನೋಡಲು ಬರುವುದಿಲ್ಲ.

ಪದದ ಅರ್ಥ, ಕವಿ ಪರಿಚಯ, ಛಂದಸ್ಸು, ಅಲಂಕಾರ, ಪದ್ಯದ ಕಂಠಪಾಠ, ಕಥೆಯ ಕ್ರಮ ಇವುಗಳಿಗೆ ಪರೀಕ್ಷೆಯೇ ಸರಿ. ಕಡಿಮೆ ಹೊತ್ತು ಸಾಕು, ಯಾರು ತಿದ್ದಿದರೂ ಅಂಕ ಒಂದೇ. ಓದದ ಒಂದು ಪದ್ಯವನ್ನು ಕೊಟ್ಟು ಅರ್ಥ ಬರೆಸುವುದಕ್ಕೂ ಪರೀಕ್ಷೆಯೇ ಸೂಕ್ತ. ಅದಕ್ಕೆ ಗೈಡ್ ಇರುವುದಿಲ್ಲ, ಎಲ್ಲರಿಗೂ ಒಂದೇ ಬೆಂಚು, ಒಂದೇ ಗಂಟೆ. ನಿಲುವು ಕೇಳುವ ಒಂದು ಪ್ರಶ್ನೆ ಪ್ರತಿ ಕಿರುಪರೀಕ್ಷೆಯಲ್ಲೂ ಇರಲಿ. ಆದರೆ ಅದಕ್ಕೆ ಅಂಕಸೂಚಿ ಬರೆಯದೆ ತಿದ್ದಲು ಕೂರಬಾರದು.

ಮೊದಲ ಓದಿನಿಂದ ಎರಡನೆಯ ಓದಿಗೆ ಮಗುವಿನ ಮನಸ್ಸಿನಲ್ಲಿ ಏನಾಯಿತು, ತನ್ನ ಮಾತನ್ನು ತಾನೇ ಹೇಗೆ ತಿದ್ದಿಕೊಂಡಿತು, ತನ್ನದೇ ಪ್ರಶ್ನೆ ಕೇಳಿತೇ ಎಂಬುದನ್ನು ಪರೀಕ್ಷೆ ತೋರಿಸುವುದಿಲ್ಲ, ಸಂಪುಟ ತೋರಿಸುತ್ತದೆ. ನಮ್ಮ ನೀಲನಕ್ಷೆಯಲ್ಲಿ ‘ಪ್ರಶಂಸೆ’ ಎಂಬ ಉದ್ದಿಷ್ಟಕ್ಕೆ ಒಂದಿಷ್ಟು ಅಂಕ ತೋರಿಸಿ, ಪ್ರಶ್ನೆ ಮಾತ್ರ ಸ್ಮರಣೆಯದ್ದನ್ನೇ ಹಾಕುವ ಅಭ್ಯಾಸ ನಮಗಿದೆ. ಆ ಉದ್ದಿಷ್ಟ ನಿಜವಾಗಿ ಕೈಗೆ ಸಿಗುವುದು ಸಂಪುಟದಲ್ಲಿ. 25 ಆಂತರಿಕ ಅಂಕಗಳೊಳಗಿನ ಚಟುವಟಿಕೆಯ ಭಾಗವಾಗಿ ಅದಕ್ಕೆ ಈಗಿನ ವ್ಯವಸ್ಥೆಯಲ್ಲೇ ಜಾಗ ಇದೆ, ಹೊಸ ಆದೇಶಕ್ಕೆ ಕಾಯಬೇಕಾಗಿಲ್ಲ.

ಮುಂದಿನ ತಂಡದವರಿಗೆ

ಇಂಟರ್ನ್‌ಶಿಪ್‌ಗೆ ಹೋಗುವವರು, ಯಾವ ವಿಷಯದವರೇ ಆಗಲಿ, ಸಂಪುಟ ಮಾಡಿಸುವುದಾದರೆ ಇಷ್ಟನ್ನು ನೋಡಿಕೊಳ್ಳಿ. ಅಂಕ ಬೀಳುವ ಯಾವ ಬರಹವೂ ಶಾಲೆಯ ಹೊರಗೆ ಹುಟ್ಟದಿರಲಿ. ಒಂದೇ ಪಾಠಕ್ಕೆ ಮಾಡಿ, ಮೂರು ಹಾಳೆಗೆ ನಿಲ್ಲಿಸಿ. ನಲವತ್ತು ಮಕ್ಕಳ ತರಗತಿಯಲ್ಲಿ ಮೂರು ಹಾಳೆ ಎಂದರೆ ನೂರಿಪ್ಪತ್ತು ಹಾಳೆ ಓದಬೇಕು, ಒಂದು ಭಾನುವಾರ ಪೂರ್ತಿ ಬೇಕು. ಮಾತುಕತೆಯ ಹೊತ್ತನ್ನು ಪಾಠಯೋಜನೆಯಲ್ಲೇ ಬರೆದುಕೊಳ್ಳಿ. ಕೆಲವು ಸಂಪುಟಗಳನ್ನಾದರೂ ಹೆಸರು ಮುಚ್ಚಿ ಇನ್ನೊಬ್ಬರಿಂದ ತಿದ್ದಿಸಿ. ಎರಡು ಮೌಲ್ಯಮಾಪನಗಳ ಪಟ್ಟಿಯನ್ನು ಅಕ್ಕಪಕ್ಕ ಇಡಿ. ಯಾವ ಮಗುವಿನ ಸ್ಥಾನ ಮೇಲೆ ಕೆಳಗೆ ಆಗಿದೆಯೋ ಆ ಮಗುವನ್ನು ಮಾತಾಡಿಸಿದ ಮೇಲೆಯೇ ಅಂಕ ಏರಿಸಿ. ಅಲ್ಲಿಯವರೆಗೆ ಪೆನ್ಸಿಲ್ ಇರಲಿ. ಷರಾ ಬರೆಯುವ ಕೆಂಪು ಮಸಿಯೂ ಸ್ವಲ್ಪ ಕಾಯಲಿ.